ಅಕ್ಕನ ಲ್ಯಾಪ್‌ಟಾಪ್‌ನಲ್ಲಿರೋ ನಂಬರ್ ನನ್ನ ಫೋನಿಗೆ ಬರೋದು ಹೇಗೆ?

ಆಫೀಸಿನ ಮೇಲ್ ತೆರೆದು ‘ಟು’ ಅನ್ನೋ ಜಾಗದಲ್ಲಿ ಮೂರು ಅಕ್ಷರ ಟೈಪ್ ಮಾಡ್ತೀರಿ. ಕೆಳಗೆ ನಾಲ್ಕೈದು ಹೆಸರು ಉದುರುತ್ತವೆ. ಒಂದನ್ನು ಒತ್ತಿ ಮುಂದೆ ಹೋಗ್ತೀರಿ. ಆ ಹೆಸರುಗಳು ಎಲ್ಲಿಂದ ಬಂದವು ಅಂತ ಯಾವತ್ತಾದರೂ ಯೋಚಿಸಿದ್ದೀರಾ? ನನ್ನ ಟೀಮಿನಲ್ಲಿ ಕೇಳಿದೆ. ಎಂಟು ಜನರಲ್ಲಿ ಏಳು ಜನ “ಕಾಂಟ್ಯಾಕ್ಟ್ಸ್‌ನಿಂದ” ಅಂದರು. ಎಂಟನೆಯವನು ಫೋನ್ ನೋಡ್ತಿದ್ದ.

ನಿಜ ಏನಂದರೆ ಬಹಳ ಸಲ ಅದು ಕಾಂಟ್ಯಾಕ್ಟ್ಸ್ ಅಲ್ಲವೇ ಅಲ್ಲ. ಔಟ್‌ಲುಕ್ ಬಳಸುವವರಿಗೆ ಹೆಸರು ಬರೋ ಮೂಲಗಳು ಬೇರೆಬೇರೆ. ಒಂದು, ನೀವು ಹಿಂದೆ ಯಾರಿಗೆ ಮೇಲ್ ಕಳಿಸಿದ್ದೀರೋ ಅದರ ನೆನಪು. ಇದನ್ನು ಆಟೋ-ಕಂಪ್ಲೀಟ್ ಪಟ್ಟಿ ಅಂತಾರೆ. ಎರಡು, ಕಂಪನಿಯ ಎಲ್ಲರ ಹೆಸರೂ ಇರುವ ಗ್ಲೋಬಲ್ ಅಡ್ರೆಸ್ ಲಿಸ್ಟ್. ಇದನ್ನು ಐಟಿ ವಿಭಾಗದವರು ನೋಡ್ಕೋತಾರೆ, ನಾವು ತಿದ್ದೋ ಹಾಗಿಲ್ಲ. ಮೂರು, ನಾವೇ ಕೂಡಿಸಿಟ್ಟುಕೊಂಡ ಸ್ವಂತ ಕಾಂಟ್ಯಾಕ್ಟ್ಸ್. ಇವೆಲ್ಲದರ ಆಚೆ ಇನ್ನೊಂದಿದೆ, ಯಾರೂ ಅದರ ಗೋಜಿಗೆ ಹೋಗಲ್ಲ: ಬೇರೆಯವರು ನಮ್ಮ ಜೊತೆ ಹಂಚಿಕೊಂಡ ಪಟ್ಟಿ.

ಆಟೋ-ಕಂಪ್ಲೀಟನ್ನು ನಂಬಿಕೊಂಡು ಕೂರೋದು ಅಪಾಯ. ಸಹೋದ್ಯೋಗಿ ಕೆಲಸ ಬಿಟ್ಟು, ಆರು ತಿಂಗಳಾದ ಮೇಲೆ ಮತ್ತೆ ಸೇರಿದರು ಅನ್ನಿ. ಐಟಿಯವರು ಹೊಸ ಖಾತೆ ಮಾಡಿಕೊಡ್ತಾರೆ. ಅದೇ ಹೆಸರು, ಅದೇ ವಿಳಾಸ. ಆದರೂ ನಿಮ್ಮ ಮೇಲ್ ವಾಪಸ್ ಬರುತ್ತೆ, ಅರ್ಥವಾಗದ ಉದ್ದನೆಯ ವಿಳಾಸವೊಂದನ್ನು ಹೊತ್ತುಕೊಂಡು. ಯಾಕಂದರೆ ಕಂಪನಿಯೊಳಗಿನ ಜನರ ವಿಷಯದಲ್ಲಿ ಆ ಪಟ್ಟಿ ನೆನಪಿಟ್ಟುಕೊಳ್ಳೋದು ನಮಗೆ ಕಾಣುವ ಮೇಲ್ ವಿಳಾಸವನ್ನಲ್ಲ, ಸರ್ವರ್‌ನ ಒಳಗಿನ ಗುರುತನ್ನು. ಹಳೆಯ ಗುರುತು ಸತ್ತಿದೆ. ಆ ಹೆಸರಿನ ಪಕ್ಕದ ಸಣ್ಣ ಇಂಟು ಗುರುತು ಒತ್ತಿ ತೆಗೆದುಹಾಕಿ, ಅಡ್ರೆಸ್ ಬುಕ್‌ನಿಂದ ಹೊಸದಾಗಿ ಆರಿಸಿದರೆ ಸರಿಯಾಗುತ್ತೆ.

ಹಂಚಿಕೊಂಡ ಪಟ್ಟಿಯ ವಿಷಯಕ್ಕೆ ಬರೋಣ. ಹಂಚೋದರಲ್ಲಿ ಎರಡು ಥರ. ಒಂದು ಜೆರಾಕ್ಸ್ ಥರ: ನಾನು ನನ್ನ ಪಟ್ಟಿಯನ್ನು ಸಿಎಸ್‌ವಿ ಅಥವಾ ವಿಕಾರ್ಡ್ ಫೈಲ್ ಮಾಡಿ ನಿಮಗೆ ಕಳಿಸ್ತೀನಿ, ನೀವು ಇಂಪೋರ್ಟ್ ಮಾಡ್ಕೋತೀರಿ. ಅವತ್ತಿಗೆ ಎರಡೂ ಒಂದೇ. ಮರುದಿನದಿಂದ ಬೇರೆಬೇರೆ. ಇನ್ನೊಂದು ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಥರ: ಇರೋದು ಒಂದೇ, ಎಲ್ಲರೂ ಅದನ್ನೇ ನೋಡ್ತಾರೆ, ಹಾಲಿನವನ ಲೆಕ್ಕ ಯಾರು ಬರೆದರೂ ಎಲ್ಲರಿಗೂ ಕಾಣುತ್ತೆ. ಇವೆರಡರ ವ್ಯತ್ಯಾಸ ನನ್ನ ತಲೆಗೆ ಕಂಪ್ಯೂಟರ್ ಸೈನ್ಸ್ ಓದುವಾಗಲೇ ಹೋಗಿತ್ತು. ಎದೆಗೆ ಇಳಿದಿದ್ದು ಹೋದ ವರ್ಷ ಮಳೆಗಾಲದಲ್ಲಿ.

ಅಪ್ಪ ಅಮ್ಮ ಶಿರಸಿಯಲ್ಲಿದ್ದಾರೆ. ನಾನು ಬೆಂಗಳೂರು, ಅಕ್ಕ ಟೊರೊಂಟೊ. ಅಪ್ಪ ಅಮ್ಮನಿಗೆ ಬೇಕಾದ ನಂಬರ್‌ಗಳನ್ನೆಲ್ಲ ಅಕ್ಕ ತನ್ನ ಮೇಲ್‌ನಲ್ಲಿ ಚೆನ್ನಾಗಿ ಜೋಡಿಸಿಟ್ಟಿದ್ದಳು. ಡಾಕ್ಟರ್, ಔಷಧಿ ಅಂಗಡಿ, ಗ್ಯಾಸ್, ಪಕ್ಕದ ಮನೆಯವರು, ಕಾರು ಓಡಿಸೋ ಅಣ್ಣ. ಎರಡು ವರ್ಷದ ಹಿಂದೆ ಅದನ್ನೇ ಫೈಲ್ ಮಾಡಿ ನನಗೂ ಕಳಿಸಿದ್ದಳು. ರಾತ್ರಿ ಎರಡು ಗಂಟೆಗೆ ಅಪ್ಪನಿಗೆ ಎದೆನೋವು ಅಂತ ಅಮ್ಮ ಫೋನ್ ಮಾಡಿದರು. 108ಕ್ಕೆ ಅವರೇ ಕರೆ ಮಾಡಿಯಾಗಿತ್ತು, ಆಂಬುಲೆನ್ಸ್ ಬೇರೆ ಕೇಸಿನಲ್ಲಿತ್ತು, ತಡ ಆಗುತ್ತೆ ಅಂದಿದ್ದರಂತೆ. ನಾನು ಡ್ರೈವರ್ ಅಣ್ಣನಿಗೆ ಫೋನ್ ಮಾಡಿದೆ. ಆ ನಂಬರ್ ಚಾಲ್ತಿಯಲ್ಲಿಲ್ಲ. ಅವರು ನಂಬರ್ ಬದಲಾಯಿಸಿ ವರ್ಷವಾಗಿತ್ತು. ಹೊಸದು ಅಕ್ಕನ ಪಟ್ಟಿಯಲ್ಲಿತ್ತು, ನನ್ನ ಪ್ರತಿಯಲ್ಲಿರಲಿಲ್ಲ. ಟೊರೊಂಟೊದಲ್ಲಿ ಆಗ ಸಂಜೆ ನಾಲ್ಕೂವರೆ, ಅಕ್ಕ ಮೀಟಿಂಗ್‌ನಲ್ಲಿ. ಹನ್ನೊಂದು ನಿಮಿಷ ಅವಳು ಫೋನ್ ಎತ್ತಲಿಲ್ಲ. ಕಾಲ್ ಲಾಗ್ ಆಮೇಲೆ ನೋಡಿದೆ, ಅದಕ್ಕೇ ಅಷ್ಟು ಕರಾರುವಾಕ್ಕಾಗಿ ಹೇಳ್ತಿದ್ದೀನಿ. ಆಮೇಲೆ ನಂಬರ್ ಸಿಕ್ಕಿತು, ಅಣ್ಣ ಬಂದರು, ಸುಮಾರು 100 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಬೆಳಗಾಗೋದರೊಳಗೆ ಮುಟ್ಟಿಸಿದರು. ಅಪ್ಪನಿಗೆ ಸ್ಟೆಂಟ್ ಹಾಕಿದ್ದಾರೆ, ಈಗ ಅಂಗಳದಲ್ಲಿ ಅಡಿಕೆ ಎಣಿಸಿಕೊಂಡು ಆರಾಮಾಗಿದ್ದಾರೆ.

ಅದಾದ ವಾರ ನಾನೂ ಅಕ್ಕನೂ ಕೂತು ಈ ಪಟ್ಟಿಯನ್ನು ಜೀವಂತವಾಗಿ ಹಂಚಿಕೊಳ್ಳೋದು ಹೇಗೆ ಅಂತ ಹುಡುಕಿದೆವು.

ಮೊದಲು ಔಟ್‌ಲುಕ್ ನೋಡಿದೆವು, ಇಬ್ಬರಿಗೂ ಆಫೀಸಿನಲ್ಲಿ ಅದೇ ಅಭ್ಯಾಸ. ಒಂದೇ ಕಂಪನಿಯೊಳಗೆ, ಎಕ್ಸ್‌ಚೇಂಜ್ ಅಥವಾ ಮೈಕ್ರೋಸಾಫ್ಟ್ 365 ಖಾತೆ ಇದ್ದರೆ ಕೆಲಸ ಸುಲಭ. ಹಳೆಯ, ಅಂದರೆ ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಪೀಪಲ್ ವಿಭಾಗಕ್ಕೆ ಹೋಗಿ, ಕಾಂಟ್ಯಾಕ್ಟ್ಸ್ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಶೇರ್, ಆಮೇಲೆ ಶೇರ್ ಕಾಂಟ್ಯಾಕ್ಟ್ಸ್. ಯಾರಿಗೆ ಬೇಕೋ ಅವರಿಗೆ ಒಂದು ಮೇಲ್ ಹೋಗುತ್ತೆ. ಅವರು ಅದರಲ್ಲಿರೋ ‘ಓಪನ್ ದಿಸ್ ಕಾಂಟ್ಯಾಕ್ಟ್ಸ್ ಫೋಲ್ಡರ್’ ಒತ್ತಿದರೆ ಎಡಗಡೆ ‘ಶೇರ್ಡ್ ಕಾಂಟ್ಯಾಕ್ಟ್ಸ್’ ಕೆಳಗೆ ನಿಮ್ಮ ಪಟ್ಟಿ ಬಂದು ಕೂರುತ್ತೆ. ಬರೀ ನೋಡಬಹುದಾ, ತಿದ್ದಲೂಬಹುದಾ ಅನ್ನೋದನ್ನು ಪರ್ಮಿಷನ್‌ನಲ್ಲಿ ನೀವೇ ತೀರ್ಮಾನ ಮಾಡಬಹುದು. ಹೊಸ ಔಟ್‌ಲುಕ್‌ನ ಮೆನುಗಳು ಬೇರೆ, ಅಲ್ಲಿ ಇದೇ ಜಾಗ ಹುಡುಕಿ ತಲೆ ಕೆಡಿಸ್ಕೋಬೇಡಿ.

ಇದರಲ್ಲಿ ಒಂದಷ್ಟು ತಮಾಷೆಗಳಿವೆ. ನಿಮ್ಮ ಪಟ್ಟಿಯಿಂದ ನಿಮ್ಮ ಸಹಾಯಕರು ಒಂದು ಹೆಸರು ಅಳಿಸಿದರು ಅನ್ನಿ. ಅದು ಸಾಮಾನ್ಯವಾಗಿ ಹೋಗಿ ಬೀಳೋದು ಅವರ ಡಿಲೀಟೆಡ್ ಐಟಮ್ಸ್‌ಗೆ, ನಿಮ್ಮದಕ್ಕಲ್ಲ. ನೀವು ನಿಮ್ಮ ಕಸದ ಬುಟ್ಟಿ ಎಷ್ಟು ಕೆದಕಿದರೂ ಸಿಗಲ್ಲ! ಕಾಂಟ್ಯಾಕ್ಟ್ ಗ್ರೂಪ್ ಮಾಡಿಟ್ಟುಕೊಂಡಿದ್ದರೆ ಇನ್ನೊಂದು: ಒಬ್ಬರ ಮೇಲ್ ವಿಳಾಸವನ್ನು ಕಾಂಟ್ಯಾಕ್ಟ್‌ನಲ್ಲಿ ತಿದ್ದಿದ ಮಾತ್ರಕ್ಕೆ ಗ್ರೂಪಿನೊಳಗೆ ಅದು ತಾನಾಗಿ ಬದಲಾಗಿರುತ್ತೆ ಅನ್ನೋ ಹಾಗಿಲ್ಲ. ಗ್ರೂಪ್ ತೆರೆದು ‘ಅಪ್‌ಡೇಟ್ ನೌ’ ಒತ್ತಬೇಕು. ಹಂಚಿಕೊಂಡ ಫೋಲ್ಡರ್ ಕಣ್ಣಿಗೆ ಕಾಣಿಸಿದರೂ ‘ಟು’ ಜಾಗದಲ್ಲಿ ಆ ಹೆಸರುಗಳು ತಾವಾಗಿ ಬರುತ್ತವೆ ಅನ್ನೋ ಖಾತ್ರಿಯೂ ಇಲ್ಲ. ನೇರವಾಗಿ ಆ ಫೋಲ್ಡರ್‌ಗೇ ಹೋಗಿ, ಹೆಸರು ತೆರೆದು, ಅಲ್ಲಿಂದಲೇ ಮೇಲ್ ಬರೆಯೋದು ಸಲೀಸು.

ಆಫೀಸಿನವರಿಗೆ ಇನ್ನೊಂದು ಮಾತು. ಪಟ್ಟಿಯನ್ನು ಒಬ್ಬ ವ್ಯಕ್ತಿಯ ಖಾತೆಯಲ್ಲಿಟ್ಟು ಹಂಚೋದಕ್ಕಿಂತ ಶೇರ್ಡ್ ಮೇಲ್‌ಬಾಕ್ಸ್‌ನಲ್ಲಿಡಿ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ವೆಂಡರ್‌ಗಳ ಪಟ್ಟಿಯೆಲ್ಲ ಅಡ್ಮಿನ್ ವಿಭಾಗದ ಒಬ್ಬರ ಖಾತೆಯಲ್ಲಿತ್ತು. ಅವರು ಕೆಲಸ ಬಿಟ್ಟರು, ಖಾತೆ ಮುಚ್ಚಿದರು, ಎಲ್ಲರ ಪಟ್ಟಿಯೂ ಖಾಲಿ. ಲಿಫ್ಟ್ ಕೆಟ್ಟ ದಿನ ಅದರ ಸರ್ವೀಸ್ ನಂಬರಿಗೆ ಇಡೀ ಕಟ್ಟಡ ಹುಡುಕಾಡಿತು. ಕೊನೆಗೆ ಲಿಫ್ಟಿನ ಒಳಗೇ ಅಂಟಿಸಿದ್ದ ಸ್ಟಿಕ್ಕರ್‌ನಲ್ಲಿ ಸಿಕ್ಕಿತು. ಶೇರ್ಡ್ ಮೇಲ್‌ಬಾಕ್ಸ್ ಯಾವ ವ್ಯಕ್ತಿಗೂ ಸೇರಿದ್ದಲ್ಲ, ಮೈಕ್ರೋಸಾಫ್ಟ್ 365ರಲ್ಲಿ 50 ಜಿಬಿ ತನಕ ಅದಕ್ಕೆ ಬೇರೆ ಲೈಸೆನ್ಸ್ ಹಣವೂ ಬೇಡ. ಐಟಿಯವರಿಗೆ ಒಂದು ಟಿಕೆಟ್ ಹಾಕಿದರೆ ಆಗೋ ಕೆಲಸ.

ಥಂಡರ್‌ಬರ್ಡ್ ಬಳಸುವವರಿಗೂ ದಾರಿ ಇದೆ. ಕಾಲೇಜು, ಸಂಸ್ಥೆಗಳ ಡೈರೆಕ್ಟರಿಗಳು ಹೆಚ್ಚಾಗಿ ಎಲ್‌ಡಿಎಪಿ ಅನ್ನೋ ಹಳೇ ಪದ್ಧತಿಯಲ್ಲಿರುತ್ತವೆ. ಅದನ್ನು ಥಂಡರ್‌ಬರ್ಡ್‌ಗೆ ಜೋಡಿಸಿದರೆ ಹೆಸರು ಹುಡುಕಬಹುದು, ತಿದ್ದೋಕೆ ಆಗಲ್ಲ. ತಿದ್ದಲೂ ಬೇಕು ಅಂದರೆ ಕಾರ್ಡ್‌ಡ್ಯಾವ್. 2011ರಲ್ಲಿ ಬಂದ ಮಾನದಂಡ ಇದು. ಥಂಡರ್‌ಬರ್ಡ್ ಇದನ್ನು 2021ರ 91ನೇ ಆವೃತ್ತಿಯಲ್ಲಿ ತನ್ನೊಳಗೇ ಸೇರಿಸಿಕೊಂಡಿತು. ಅಡ್ರೆಸ್ ಬುಕ್‌ನಲ್ಲಿ ಹೊಸ ಕಾರ್ಡ್‌ಡ್ಯಾವ್ ಪುಸ್ತಕ ಅಂತ ಆರಿಸಿ ಸರ್ವರ್ ವಿಳಾಸ ಕೊಟ್ಟರೆ ಮುಗೀತು.

ಇಷ್ಟೆಲ್ಲ ಓದಿ ನಮಗೆ ಗೊತ್ತಾಗಿದ್ದು, ಇದ್ಯಾವುದೂ ನಮ್ಮ ಮನೆಗೆ ಆಗಲ್ಲ ಅಂತ. ಅಕ್ಕನ ಕಂಪನಿ ಬೇರೆ, ನನ್ನದು ಬೇರೆ. ಆಫೀಸಿನ ಖಾತೆಯಲ್ಲಿ ಅಪ್ಪನ ಡಾಕ್ಟರ್ ನಂಬರ್ ಇಡೋದೂ ಸರಿಯಲ್ಲ, ನಾಳೆ ಕೆಲಸ ಬದಲಾಯಿಸಿದರೆ ಹೋಯ್ತು. ಇದಕ್ಕಿಂತ ದೊಡ್ಡ ತೊಡಕು, ಔಟ್‌ಲುಕ್‌ನಲ್ಲಿ ಹಂಚಿಕೊಂಡ ಫೋಲ್ಡರ್ ಕಂಪ್ಯೂಟರಿನಲ್ಲಿ ಕಾಣುತ್ತೆಯೇ ಹೊರತು ಫೋನಿನ ಕಾಂಟ್ಯಾಕ್ಟ್ಸ್‌ಗೆ ಸಿಂಕ್ ಆಗಿ ಬರಲ್ಲ. ಫೋನಿಗೆ ಬರೋದು ನಿಮ್ಮ ಸ್ವಂತ ಫೋಲ್ಡರ್ ಮಾತ್ರ. ರಾತ್ರಿ ಎರಡು ಗಂಟೆಗೆ ಯಾರು ಲ್ಯಾಪ್‌ಟಾಪ್ ತೆಗೀತಾರೆ? ಜಿಮೇಲ್ ನೋಡಿದರೆ, ಕಂಪನಿ ಖಾತೆಗಳಲ್ಲಿ ಕಾಂಟ್ಯಾಕ್ಟ್ಸನ್ನು ಇನ್ನೊಬ್ಬರ ಕೈಗೆ ಕೊಡೋ ಸೌಲಭ್ಯ ಇದೆ. ನಮ್ಮ ನಿಮ್ಮಂಥವರ ಉಚಿತ ಖಾತೆಯಲ್ಲಿ ‘ಈ ಒಂದು ಪಟ್ಟಿ ಮಾತ್ರ ಅಕ್ಕನ ಜೊತೆ ಹಂಚು’ ಅನ್ನೋ ಬಟನ್ ಇಲ್ಲ.

ಕೊನೆಗೆ ನಾವು ಮಾಡಿಕೊಂಡಿದ್ದು ಹೀಗೆ. ಮನೆಗೇ ಅಂತ ಒಂದು ಹೊಸ ಜಿಮೇಲ್ ಖಾತೆ ತೆರೆದೆವು. ಅದರಲ್ಲಿ ಮೇಲ್ ಇಲ್ಲ, ಫೋಟೋ ಇಲ್ಲ, ಬ್ಯಾಂಕು ಗೀಂಕು ಏನೂ ಇಲ್ಲ, ಬರೀ ಕಾಂಟ್ಯಾಕ್ಟ್ಸ್. ನನ್ನ, ಅಕ್ಕನ, ಭಾವನ, ಅಮ್ಮನ ಫೋನುಗಳಿಗೆ ಎರಡನೇ ಖಾತೆಯಾಗಿ ಅದನ್ನು ಸೇರಿಸಿ, ಸಿಂಕ್ ಸೆಟಿಂಗ್ಸ್‌ನಲ್ಲಿ ಕಾಂಟ್ಯಾಕ್ಟ್ಸ್ ಒಂದನ್ನು ಬಿಟ್ಟು ಉಳಿದಿದ್ದೆಲ್ಲ ಆಫ್ ಮಾಡಿದೆವು. ಐಫೋನ್‌ನಲ್ಲೂ ಇದು ನಡೆಯುತ್ತೆ. ಈಗ ಅಕ್ಕ ಟೊರೊಂಟೊದಲ್ಲಿ ಒಂದು ನಂಬರ್ ತಿದ್ದಿದರೆ ಶಿರಸಿಯಲ್ಲಿ ಅಮ್ಮನ ಫೋನಿನಲ್ಲೂ ತಿದ್ದುಪಡಿ ಆಗಿರುತ್ತೆ.

ನೀವೂ ಮಾಡೋದಾದರೆ ಗಮನಿಸಬೇಕಾದ್ದು ಕೆಲವಿವೆ. ಹೊಸ ನಂಬರ್ ಸೇವ್ ಮಾಡುವಾಗ ಯಾವ ಖಾತೆಗೆ ಅಂತ ಫೋನ್ ಕೇಳುತ್ತೆ, ಅಥವಾ ಮೇಲೆ ಸಣ್ಣ ಅಕ್ಷರದಲ್ಲಿ ತೋರಿಸುತ್ತೆ. ಅಲ್ಲಿ ಮನೆ ಖಾತೆ ಆರಿಸದಿದ್ದರೆ ಅದು ನಿಮ್ಮ ಸ್ವಂತದ್ದಕ್ಕೆ ಹೋಗುತ್ತೆ, ಬೇರೆ ಯಾರಿಗೂ ಕಾಣಲ್ಲ. ಎರಡು ಹಂತದ ದೃಢೀಕರಣ ಖಂಡಿತ ಹಾಕಿ, ಆದರೆ ಬ್ಯಾಕಪ್ ಕೋಡ್‌ಗಳನ್ನು ಇಬ್ಬರ ಹತ್ತಿರವಾದರೂ ಇಡಿ. ಎರಡು ವರ್ಷ ಯಾರೂ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದು ಅನ್ನೋದೂ ನೆನಪಿರಲಿ. ಯಾರಾದರೂ ಏನಾದರೂ ಅಳಿಸಿಬಿಟ್ಟರೆ ಗಾಬರಿ ಬೇಡ, 30 ದಿನದವರೆಗೆ ಅದು ಕಸದ ಬುಟ್ಟಿಯಲ್ಲಿರುತ್ತೆ. ಗೂಗಲ್ ಕಾಂಟ್ಯಾಕ್ಟ್ಸ್‌ನ ಸೆಟಿಂಗ್ಸ್‌ನಲ್ಲಿ ‘ಅಂಡೂ ಚೇಂಜಸ್’ ಕೊಟ್ಟು ಇಡೀ ಪಟ್ಟಿಯನ್ನೇ ಹಿಂದಿನ ಸ್ಥಿತಿಗೂ ತರಬಹುದು. ನಮ್ಮಲ್ಲಿ ಒಮ್ಮೆ ಭಾವ ಡುಪ್ಲಿಕೇಟ್ ತೆಗೀತೀನಿ ಅಂತ ಹೊರಟು ಇಬ್ಬರು ಶಾರದಾರನ್ನು ಒಂದು ಮಾಡಿದ್ದರು. ಒಬ್ಬರು ನರ್ಸ್, ಇನ್ನೊಬ್ಬರು ಹಪ್ಪಳ ಮಾಡಿಕೊಡೋರು.

ಇನ್ನು ಕನ್ನಡದ ಹೆಸರುಗಳ ಕಥೆ. ಅಮ್ಮನಿಗೆ ಕನ್ನಡದಲ್ಲಿದ್ದರೇ ಓದೋಕೆ ಸುಲಭ, ಹಾಗಾಗಿ ಪಟ್ಟಿಯೆಲ್ಲ ಕನ್ನಡ ಲಿಪಿಯಲ್ಲಿ ಬೇಕಿತ್ತು. ಹಳೇ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಹೆಸರುಗಳ ಜಾಗದಲ್ಲಿ ಚಿತ್ರವಿಚಿತ್ರ ಅಕ್ಷರಗಳು. ಫೈಲ್ ಕೆಟ್ಟಿಲ್ಲ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಎಕ್ಸೆಲ್ ಅದನ್ನು ಬೇರೆ ಲಿಪಿ ಅಂದುಕೊಂಡು ಒಂದೊಂದು ಬೈಟನ್ನೂ ಒಂದೊಂದು ಅಕ್ಷರವಾಗಿ ಓದುತ್ತೆ. ಡಬಲ್ ಕ್ಲಿಕ್ ಬಿಟ್ಟು, ಡೇಟಾ ಮೆನುವಿನಿಂದ ಫೈಲ್ ತರಿಸಿ ಯುಟಿಎಫ್-8 ಅಂತ ಆರಿಸಿ. ಹಾಳಾಗಿ ಕಂಡ ಫೈಲನ್ನು ಮಾತ್ರ ದಯವಿಟ್ಟು ಸೇವ್ ಮಾಡಬೇಡಿ, ಆಮೇಲೆ ನಿಜವಾಗಿಯೂ ಹಾಳಾಗುತ್ತೆ.

ಇನ್ನೊಂದು ಕಡೆ ಭಾವನಿಗೆ ಕನ್ನಡ ಓದೋಕೆ ಬರಲ್ಲ, ಅವರು ಇಂಗ್ಲಿಷಿನಲ್ಲಿ ಹುಡುಕ್ತಾರೆ. ಹೆಸರಿನ ಜಾಗದಲ್ಲಿ ಕನ್ನಡ, ನಿಕ್‌ನೇಮ್ ಜಾಗದಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್ ಹಾಕಿದೆವು. ನಮ್ಮ ಫೋನುಗಳಲ್ಲಿ ಎರಡರಲ್ಲೂ ಹುಡುಕಿದರೆ ಸಿಗುತ್ತೆ. ಹೆಸರಿನ ಮುಂದೆ ಕೆಲಸವನ್ನೂ ಸೇರಿಸಿದೆವು, ‘ಕಾರು – ಮಂಜಣ್ಣ’ ಅನ್ನೋ ಥರ. ಗಾಬರಿಯಲ್ಲಿ ಯಾರಿಗೂ ಹೆಸರು ನೆನಪಾಗಲ್ಲ, ಕಾರು ಬೇಕು ಅನ್ನೋದು ನೆನಪಿರುತ್ತೆ.

ಇಷ್ಟಾದ ಮೇಲೆ ಒಂದು ಕಿರಿಕಿರಿ ನನ್ನಲ್ಲಿ ಉಳಿದಿದೆ. ಪಟ್ಟಿ ನಮ್ಮದು, ಆದರೆ ಅದರಲ್ಲಿರೋ ನಂಬರ್‌ಗಳು ನಮ್ಮವಲ್ಲ. ಮನೆಯ ಬಳಕೆಗೆ ಅಂತ ಇಟ್ಟುಕೊಂಡ ಮಾಹಿತಿಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಅನ್ವಯಿಸಲ್ಲ ನಿಜ. ಹಾಗಂತ ನರ್ಸ್ ಶಾರದಾ ಅವರ ನಂಬರ್ ನಾಲ್ಕು ಫೋನುಗಳಲ್ಲಿ, ಆ ಫೋನುಗಳಲ್ಲಿರೋ ಹತ್ತಾರು ಆ್ಯಪ್‌ಗಳ ಬಾಯಿಗೆ ಬೀಳೋದು ಅವರಿಗೆ ಇಷ್ಟವೋ ಇಲ್ಲವೋ ಯಾರು ಕೇಳಿದರು? ಅಕ್ಕ ಕೇಳಿದಳು. ಪಟ್ಟಿಯಲ್ಲಿದ್ದ 34 ಜನಕ್ಕೂ ಅಮ್ಮನ ಕೈಲಿ ಫೋನ್ ಮಾಡಿಸಿದಳು. ಇಬ್ಬರು ಬೇಡ ಅಂದರು, ತೆಗೆದೆವು. ಎಲ್ಲರ ಫೋನಿನಲ್ಲೂ ಕಾಂಟ್ಯಾಕ್ಟ್ಸ್ ಓದೋ ಅನುಮತಿ ಪಡೆದಿದ್ದ ಆ್ಯಪ್‌ಗಳನ್ನೂ ಒಂದು ಭಾನುವಾರ ಜಾಲಾಡಿದೆವು. ಅಮ್ಮನ ಫೋನಿನಲ್ಲಿ ಒಂದು ಟಾರ್ಚ್ ಆ್ಯಪ್‌ಗೂ ಆ ಅನುಮತಿ ಇತ್ತು!

ಡ್ರೈವರ್ ಅಣ್ಣನಿಗೂ ಕರೆ ಹೋಗಿತ್ತು. ಅವರು ತಮ್ಮ ನಂಬರ್ ಇರಲಿ ಅಂದಿದ್ದಲ್ಲದೆ ಹೆಂಡತಿಯ ನಂಬರನ್ನೂ ಬರೆಸಿದರು, ರಾತ್ರಿ ತಮ್ಮ ಫೋನ್ ಚಾರ್ಜಿಗೆ ಹಾಕಿ ದೂರ ಇಟ್ಟಿರ್ತೀನಿ ಅಂತ.