ಹಪ್ತೆ ಇಲ್ಲ ಅಂದ್ರು, ಬಡ್ಡಿ ಓಡ್ತಾನೇ ಇತ್ತು

ಜತ್ತ: ಉಮದಿ ಭಾಗದ ರೈತರೊಬ್ಬರ ಮನೆಗೆ ಬ್ಯಾಂಕಿನ ಪತ್ರ ಬಂದದ್ದು ಮಗ ಇಂಜಿನಿಯರಿಂಗ್ ಮುಗಿಸಿ ಒಂದು ವರ್ಷ ತುಂಬಿದ ಮೇಲೆ. ಪತ್ರ ಇಂಗ್ಲಿಷಿನಲ್ಲಿತ್ತು, ಓದಿಸಿಕೊಳ್ಳಲು ಈ ವರದಿಗಾರನ ಬಳಿ ತಂದರು. ತೆಗೆದ ಸಾಲ 4 ಲಕ್ಷ, ಪತ್ರದಲ್ಲಿ 5.40 ಲಕ್ಷ!

'ಕಲಿಯೂ ತನಕ ಹಪ್ತೆ ಇಲ್ಲ ಅಂದಿದ್ರು ಸರ. ಬಡ್ಡೀನೂ ಇಲ್ಲ ಅಂತ ತಿಳ್ಕೊಂಡ್ವಿ' ಎಂದರು.

ಹೆಚ್ಚಿನ ಪಾಲಕರು ಎಡವುವುದು ಇಲ್ಲೇ. ಬಿ.ಕಾಂ. ಓದಿದ್ದಕ್ಕೆ ಲೆಕ್ಕ ಬಿಡಿಸಿ ತೋರಿಸಿದೆ. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ, ಬಡ್ಡಿ ಶೇ. 10. ಕೋರ್ಸು ಮುಗಿದು ಒಂದು ವರ್ಷದವರೆಗೆ ಹಪ್ತೆ ಕಟ್ಟಬೇಕಿಲ್ಲ, ನಿಜ. ಆದರೆ ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50 ಸಾವಿರ, ಎರಡನೆಯದಕ್ಕೆ 40, ಮೂರನೆಯದಕ್ಕೆ 30, ಕೊನೆಯದಕ್ಕೆ 20. ಚಕ್ರಬಡ್ಡಿ ಹಚ್ಚದೆಯೇ 1.40 ಲಕ್ಷ. ಒಟ್ಟು ಹಣವನ್ನು ಹತ್ತು ವರ್ಷಕ್ಕೆ ಹಂಚಿದರೆ ತಿಂಗಳ ಹಪ್ತೆ ಸುಮಾರು 7,100 ರೂಪಾಯಿ. ಮಗನಿಗೆ ಪುಣೆಯಲ್ಲಿ ಪಗಾರ 15 ಸಾವಿರ.

ಮಹಾರಾಷ್ಟ್ರದಲ್ಲಿ ವಿನಾ ಅನುದಾನಿತ ಇಂಜಿನಿಯರಿಂಗ್ ಕಾಲೇಜುಗಳಿಗೆ 1983ರಲ್ಲಿ ಬಾಗಿಲು ತೆರೆದವರು ನಮ್ಮ ಸಾಂಗಲಿ ಜಿಲ್ಲೆಯವರೇ ಆದ ಮುಖ್ಯಮಂತ್ರಿ ವಸಂತದಾದಾ ಪಾಟೀಲರು. ಅದರಿಂದ ಹಳ್ಳಿ ಹುಡುಗರು ಇಂಜಿನಿಯರ್ ಆದದ್ದೂ ಸುಳ್ಳಲ್ಲ. ಡೊನೇಷನ್ ತಡೆಯಲು 1987ರಲ್ಲೇ ರಾಜ್ಯದ ಕಾಯ್ದೆ ಬಂತು. ಶಿಕ್ಷಣದಲ್ಲಿ ಲಾಭಕೋರತನ ಸಲ್ಲದೆಂದು 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಾಗದದ ಮೇಲೆ ಯಾವ ಕಾಲೇಜೂ ಲಾಭಕ್ಕಾಗಿ ನಡೆಯುವುದಿಲ್ಲ. ಆದರೂ ಹನ್ನೆರಡನೆಯ ನಿಕಾಲ ಬಂದ ಕೂಡಲೇ ಊರಿಗೆ ಬಂದ ಏಜೆಂಟ್ ಇವರಿಗೆ ಹೇಳಿದ್ದು, 'ಸೀಟೂ ನಮ್ದು, ಲೋನೂ ನಮ್ದು' ಎಂದು.

ಅವನು ಹೇಳದೆ ಬಿಟ್ಟದ್ದು ಒಂದಿದೆ. ಮನೆಯ ವಾರ್ಷಿಕ ಉತ್ಪನ್ನ 4.5 ಲಕ್ಷದೊಳಗಿದ್ದರೆ ಕಲಿಯುವ ಕಾಲದ ಮತ್ತು ಮುಂದಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ತುಂಬುವ ಯೋಜನೆ 2009ರಿಂದ ಇದೆ. ಈ ಸಾಮಾನ್ಯ ಕಾಲೇಜುಗಳ ಮಟ್ಟಿಗೆ ನ್ಯಾಕ್ ಇಲ್ಲವೇ ಎನ್‌ಬಿಎ ಮಾನ್ಯತೆ ಬೇಕು. ಆ ಕಾಲೇಜಿಗೆ ನ್ಯಾಕ್ ಇರಲಿಲ್ಲ, ಕೋರ್ಸಿಗೆ ಎನ್‌ಬಿಎ ಇರಲಿಲ್ಲ. ತಹಶೀಲ್ದಾರರ ಉತ್ಪನ್ನದ ದಾಖಲೆ ಕೈಯಲ್ಲಿದ್ದೂ ಉಪಯೋಗಕ್ಕೆ ಬರಲಿಲ್ಲ.

ಈಗ ಮಗಳು ಹನ್ನೆರಡನೆಯಲ್ಲಿದ್ದಾಳೆ. 'ಆಕಿಗೂ ಸಾಲಾನ ಗತಿ ಏನ್ರಿ?' ಎಂದು ಕೇಳಿದರು. ಹಾಗೇನಿಲ್ಲ ಕಾಕಾ ಎಂದೆ. ರಾಜ್ಯ ಸರ್ಕಾರ 2024-25ರಿಂದ 8 ಲಕ್ಷದೊಳಗಿನ ಉತ್ಪನ್ನದ ಒಬಿಸಿ, ಎಸ್‌ಇಬಿಸಿ ಮತ್ತು ಆರ್ಥಿಕವಾಗಿ ದುರ್ಬಲ ಮನೆತನದ ಹುಡುಗಿಯರಿಗೆ ವೃತ್ತಿಪರ ಕೋರ್ಸುಗಳ ಶಿಕ್ಷಣ ಶುಲ್ಕ, ಪರೀಕ್ಷಾ ಶುಲ್ಕ ಮಾಫಿ ಮಾಡಿದೆ. ಪ್ರವೇಶ ಮಾತ್ರ ಸರ್ಕಾರದ ಕ್ಯಾಪ್ ಸುತ್ತಿನಲ್ಲೇ ಆಗಬೇಕು, ಮ್ಯಾನೇಜಮೆಂಟ್ ಕೋಟಾಕ್ಕೆ ಇಲ್ಲ. ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಕನ್ನಡ ಮನೆಮಾತಿನ ಮಕ್ಕಳಿಗೆ ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರ ಕಲಮಿನಡಿಯೂ ಹಾದಿ ಇದೆ.

ಮರುದಿನ ಇಬ್ಬರೂ ಬ್ಯಾಂಕಿಗೆ ಹೋದೆವು. ಅವಧಿಯನ್ನು 15 ವರ್ಷಕ್ಕೆ ಎಳೆದರೆ ಹಪ್ತೆ 5,800ಕ್ಕೆ ಇಳಿಯುತ್ತದೆ, ಆದರೆ ಕಟ್ಟುವ ಒಟ್ಟು ಹಣ ಎಂಟೂವರೆ ಲಕ್ಷದಿಂದ ಹತ್ತು ಲಕ್ಷ ದಾಟುತ್ತದೆ ಎಂದರು ಮ್ಯಾನೇಜರ್. ಕಾಕಾ ಸ್ವಲ್ಪ ಹೊತ್ತು ಸುಮ್ಮನೆ ಕೂತು, ಮಗನಿಗೆ ಫೋನ್ ಹಚ್ಚಿದರು.