ಯೂನಿಫಾರ್ಮ್ ಕಟ್ಟುನಿಟ್ಟು ಯಾರಿಗೆ? ಗೇಟಿನಲ್ಲಿ ನಿಂತ ಮಗುವಿಗೋ, ಬಟ್ಟೆ ಕೊಡಬೇಕಾದವರಿಗೋ?

ರಾಯಚೂರು ತಾಲೂಕಿನ ಚಂದ್ರಬಂಡ ನಮ್ಮೂರು. ಕನ್ನಡ ಮಾತಾಡ್ತಾ ಮಾತಾಡ್ತಾ ತೆಲುಗಿಗೆ ಹೊರಳುವ ಗಡಿ ಸೀಮೆ. ಜೂನ್ ತಿಂಗಳಲ್ಲಿ ಊರಿಗೆ ಹೋದಾಗಲೆಲ್ಲ ಪರಿಚಯದ ಟೈಲರ್ ಅಂಗಡಿಯಲ್ಲಿ ಒಂದರ್ಧ ಗಂಟೆ ಕೂರುವುದು ನನ್ನ ರೂಢಿ. ಆಗ ಅವರ ಮಷಿನ್ ಸುತ್ತ ಶಾಲೆಯ ಬಟ್ಟೆಯ ರಾಶಿ ಬಿದ್ದಿರುತ್ತದೆ. ಸರ್ಕಾರ ಕೊಡೋದು ಬಟ್ಟೆ ಮಾತ್ರ, ಹೊಲಿಸಿಕೊಳ್ಳುವುದು ಅಪ್ಪ ಅಮ್ಮನ ಪಾಲು. ಈ ಸಲ ಅವರು ಹೇಳಿದ ಮಾತು ತಲೆಯಲ್ಲಿ ಉಳಿದುಬಿಟ್ಟಿತು. "ಬಟ್ಟಿ ಸರಕಾರದ್ದು, ದಾರ ನಂದು. ಹೊಲಿಗಿ ರೊಕ್ಕ ಯಾರದು ಅಂಬೋದು ಇನ್ನಾ ಗೊತ್ತಾಗಿಲ್ಲ ನೋಡ್ರಿ. ಹತ್ತಿ ಬಂದಮ್ಯಾಲ ಕೊಡ್ತೀವಿ ಅಂತಾರ. ಗುಳೆ ಹೋದೋರು ಫೋನೇ ಎತ್ತಂಗಿಲ್ಲ."

ಅಂಗಡಿಯ ಹಗ್ಗದ ಮೇಲೆ ಹೋದ ವರ್ಷ ಹೊಲಿದ ಕೆಲವು ಜೊತೆ ಇನ್ನೂ ತೂಗಾಡುತ್ತಿದ್ದವು. ಆ ಅಳತೆಯ ಮಕ್ಕಳು ಇಷ್ಟರಲ್ಲಿ ಒಂದು ಗೇಣು ಬೆಳೆದಿರುತ್ತಾರೆ.

"ಶಾಲೆಗಳಲ್ಲಿ ಸಮವಸ್ತ್ರ ನಿಯಮವನ್ನು ಕಟ್ಟುನಿಟ್ಟಾಗಿ ಜಾರಿ ಮಾಡಬೇಕೇ?" ಎಂಬ ಪ್ರಶ್ನೆ ಟಿವಿ ಚರ್ಚೆಗಳಲ್ಲಿ ಬಂದಾಗೆಲ್ಲ ನನಗೆ ಆ ಹಗ್ಗ ಕಣ್ಣಿಗೆ ಕಟ್ಟುತ್ತದೆ. ಚರ್ಚೆಯಲ್ಲಿ ಎಲ್ಲರೂ ಸಮವಸ್ತ್ರ ಒಳ್ಳೆಯದೋ ಕೆಟ್ಟದ್ದೋ ಅಂತ ವಾದಿಸುತ್ತಾರೆ. ಆದರೆ "ಕಟ್ಟುನಿಟ್ಟು" ಅನ್ನುವ ಪದ ಕೇಳುತ್ತಿರುವುದು ಬೇರೆಯದನ್ನೇ. ತೊಡದೇ ಬಂದ ಮಗುವಿಗೆ ಏನು ಮಾಡ್ತೀರಿ? ಬೈತೀರಾ, ನಿಲ್ಲಿಸ್ತೀರಾ, ಮನೆಗೆ ಕಳಿಸ್ತೀರಾ? ಈ ಎರಡು ಪ್ರಶ್ನೆಗಳನ್ನು ಒಂದೇ ಅಂತ ಅಂದುಕೊಂಡದ್ದರಿಂದ ನಾವು ಸಾಕಷ್ಟು ವರ್ಷ ಹಾಳು ಮಾಡಿಕೊಂಡಿದ್ದೇವೆ.

ಮೊದಲು ನನ್ನ ಕಥೆ ಹೇಳಿಬಿಡ್ತೀನಿ. ನಾನು ಓದಿದ ಶಾಲೆಯ ಹೆಸರು ಬೇಡ. ಎಂಟನೇ ಕ್ಲಾಸಿನಲ್ಲಿ ನಾನು ಕ್ಲಾಸ್ ಲೀಡರ್. ಪ್ರಾರ್ಥನೆ ಹೊತ್ತಿಗೆ ಯೂನಿಫಾರ್ಮ್ ಇಲ್ಲದವರ ಹೆಸರು ಚೀಟಿಯಲ್ಲಿ ಬರೆದು ಮಾಸ್ತರಿಗೆ ಕೊಡುವುದು ನನ್ನ ಡ್ಯೂಟಿ. ಬಹಳ ನಿಷ್ಠೆಯಿಂದ ಮಾಡ್ತಿದ್ದೆ. ಮಳೆಗಾಲದ ಒಂದು ಸೋಮವಾರ ಒಬ್ಬಳು ಹಳದಿ ಲಂಗ ಹಾಕಿಕೊಂಡು ಬಂದಳು. ಇದ್ದ ಒಂದೇ ಜೊತೆ ಒಗೆದು ಹಾಕಿದ್ದು ಒಣಗಿರಲಿಲ್ಲ ಅಂತ ನನಗೇ ಮೆಲ್ಲಗೆ ಹೇಳಿದಳು. ಬರೆಯಬೇಡ ಅಂತ ಕೇಳಿದ್ದು ಅದು. ನಾನು ಬರೆದೆ. ಆಕೆಯನ್ನು ಮನೆಗೆ ಕಳಿಸಿದರು. ಆಮೇಲೆ ನಾಲ್ಕು ದಿನ ಬರಲಿಲ್ಲ, ಬಂದಳು, ಮತ್ತೆ ತಪ್ಪಿಸಿದಳು. ಹತ್ತಿ ಬಿಡಿಸುವ ಕಾಲಕ್ಕೆ ಶಾಲೆ ಬಿಟ್ಟೇಬಿಟ್ಟಳು. ಆ ಚೀಟಿಯಿಂದಲೇ ಬಿಟ್ಟಳು ಅಂತ ಹೇಳಲಾರೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದರು, ಕೂಲಿ ಇತ್ತು. ಆದರೆ ಶಾಲೆ ಬಿಡುವುದು ಅಂದರೆ ಹಾಗೇ. ಯಾರೂ ಒಂದು ದಿನ ತೀರ್ಮಾನ ಮಾಡಿ ಬಿಡುವುದಿಲ್ಲ, ಒಂದೊಂದೇ ದಿನ ತಪ್ಪುತ್ತಾ ತಪ್ಪುತ್ತಾ ಬಿಟ್ಟುಹೋಗುತ್ತದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿದ್ದಾಗ ರಾಯಚೂರು ಜಿಲ್ಲೆಯದು ಶೇ 60ಕ್ಕೂ ತುಸು ಕಮ್ಮಿ, ಹೆಣ್ಣುಮಕ್ಕಳದು ಶೇ 50ಕ್ಕೂ ಕಮ್ಮಿ ಇತ್ತು. ಇಂಥ ಜಿಲ್ಲೆಯಲ್ಲಿ ಒಂದು ಹುಡುಗಿಯನ್ನು ಒಂದು ದಿನ ಮನೆಗೆ ಕಳಿಸುವುದಕ್ಕೂ ದೊಡ್ಡ ಕಾರಣ ಬೇಕು.

ಹಾಗಂತ ನಾನು ಸಮವಸ್ತ್ರದ ವಿರೋಧಿ ಅಲ್ಲ. ನಮ್ಮ ಕಡೆ ಎಷ್ಟೋ ಮಕ್ಕಳಿಗೆ ಶಾಲೆಯ ಅಂಗಿಯೇ ಇದ್ದುದರಲ್ಲಿ ಚಲೋ ಅಂಗಿ. ಜಾತ್ರೆಗೂ ಅದೇ, ಮದುವೆಗೂ ಅದೇ. ಗೌಡರ ಮಗ, ಜೀತಕ್ಕಿದ್ದವನ ಮಗ ಒಂದೇ ಬಣ್ಣದಲ್ಲಿ ಒಂದೇ ಸಾಲಿನಲ್ಲಿ ನಿಲ್ಲುವುದು ಈ ಸೀಮೆಯಲ್ಲಿ ಸಣ್ಣ ಮಾತಲ್ಲ. ಹಬ್ಬದ ಮರುದಿನ ಹೊಸ ಬಟ್ಟೆ ಇಲ್ಲದವರ ಮುಖ ಯೂನಿಫಾರ್ಮ್ ಇಲ್ಲದ ಶಾಲೆಯಲ್ಲಿ ಹೇಗಿರುತ್ತದೆ ಅಂತ ಯಾವ ಮೇಷ್ಟ್ರನ್ನು ಕೇಳಿದರೂ ಹೇಳ್ತಾರೆ. ಗೇಟಿನ ಹೊರಗೆ ಮಾತ್ರ ಈ ಸಮಾನತೆ ತಿರುಗಿ ಬೀಳುತ್ತದೆ ಅನ್ನೋದೂ ನಿಜ. ಟೈ, ಬೆಲ್ಟು, ಶನಿವಾರದ ಬಿಳಿ ಶೂ ಇದ್ದವನು ಇಂಗ್ಲಿಷ್ ಮೀಡಿಯಂ, ಹವಾಯಿ ಚಪ್ಪಲಿಯವನು ಸರ್ಕಾರಿ ಶಾಲೆ ಅಂತ ಬಸ್ ಕಂಡಕ್ಟರಿಗೂ ಗೊತ್ತು. ಇರಲಿ, ಒಟ್ಟಾರೆ ನಾನು ಸಮವಸ್ತ್ರದ ಪರವೇ.

ಈಗ ನಿಯಮ ಏನು ಹೇಳುತ್ತದೆ ನೋಡೋಣ. ಇದು ಬಹಳ ಜನ ಓದದೇ ವಾದ ಮಾಡುವ ಜಾಗ. ಕರ್ನಾಟಕ ಶಿಕ್ಷಣ ಕಾಯ್ದೆ 1983ರ ಅಡಿಯಲ್ಲಿ 1995ರಲ್ಲಿ ಮಾಡಿದ ನಿಯಮಗಳಿವೆ, ಅದರಲ್ಲಿ 11ನೆಯದು ಸಮವಸ್ತ್ರದ್ದು. ಮಾನ್ಯತೆ ಪಡೆದ ಸಂಸ್ಥೆ ತನ್ನದೇ ಸಮವಸ್ತ್ರ ಗೊತ್ತು ಮಾಡಬಹುದು ಎಂದು ಅದು ಹೇಳುತ್ತದೆ. ಅದಾದ ಮೇಲೆ ಬರುವ ಷರತ್ತುಗಳೆಲ್ಲ ಯಾರ ಮೇಲೆ? ಒಮ್ಮೆ ಗೊತ್ತು ಮಾಡಿದರೆ 5 ವರ್ಷ ಬದಲಾಯಿಸುವಂತಿಲ್ಲ. ಬದಲಾಯಿಸಬೇಕಾದರೆ ಕನಿಷ್ಠ 1 ವರ್ಷ ಮುಂಚೆ ಪೋಷಕರಿಗೆ ನೋಟಿಸ್ ಕೊಡಬೇಕು. ಇದೇ ಅಂಗಡಿಯಲ್ಲಿ ಕೊಳ್ಳಿ, ಇದೇ ಟೈಲರ್ ಹತ್ತಿರ ಹೊಲಿಸಿ ಅಂತ ಶಾಲೆ ಒತ್ತಾಯ ಮಾಡುವಂತಿಲ್ಲ. ಅಂದರೆ ನಿಯಮದ ಕಟ್ಟುನಿಟ್ಟೆಲ್ಲ ಆಡಳಿತ ಮಂಡಳಿಗೆ! ಶಾಲೆಯ ಕೌಂಟರಿನಲ್ಲೇ ಯೂನಿಫಾರ್ಮ್, ಟೈ, ಸಾಕ್ಸ್ ಸೇರಿಸಿ ಬಿಲ್ ಮಾಡಿಸಿಕೊಂಡ ಪೋಷಕರು ಇದನ್ನು ಓದಿ ನಗಬಹುದು, ಇಲ್ಲಾ ಅಳಬಹುದು.

ಇದರ ಜೊತೆಗೆ ಶಿಕ್ಷಣ ಹಕ್ಕು ಕಾಯ್ದೆ 2009 ಇದೆ, 6ರಿಂದ 14 ವರ್ಷದವರಿಗೆ. ಅದರ 16ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಪ್ರಾರ್ಥನೆಯಲ್ಲಿ ಎಲ್ಲರ ಎದುರು ಹಳದಿ ಲಂಗದ ಹುಡುಗಿಯನ್ನು ನಿಲ್ಲಿಸಿ ಹೆಸರು ಓದುವುದು ಏನು, ನೀವೇ ಹೇಳಿ.

ಇನ್ನು ಕೊಡಬೇಕಾದವರ ಕಡೆ ಬರೋಣ. ವಿದ್ಯಾವಿಕಾಸ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಒಂದು ಜೊತೆ ರಾಜ್ಯದಿಂದ ಬರುತ್ತದೆ. ಸಮಗ್ರ ಶಿಕ್ಷಾದ ಲೆಕ್ಕದಲ್ಲಿ ಒಂದು ಮಗುವಿಗೆ ವರ್ಷಕ್ಕೆ 2 ಜೊತೆ, ಅದಕ್ಕೆ 600 ರೂಪಾಯಿ ಎಂದು ಇಟ್ಟಿದ್ದಾರೆ. ಒಂದೇ ಜೊತೆಯಲ್ಲಿ ವಾರಕ್ಕೆ 6 ದಿನ ಶಾಲೆಗೆ ಹೋಗುವುದು ಮಳೆಗಾಲದಲ್ಲಿ ಹೇಗೆ ಅಂತ ನನ್ನ ಸಹಪಾಠಿಯ ಹಳದಿ ಲಂಗವೇ ಹೇಳಿದೆ. ಈ ಎರಡನೇ ಜೊತೆಗಾಗಿ ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಹೈಕೋರ್ಟ್‌ವರೆಗೆ ಹೋದ. 2019ರಲ್ಲಿ ಹೈಕೋರ್ಟ್ ಎರಡನೇ ಜೊತೆ ಸಮವಸ್ತ್ರ, ಶೂ, ಸಾಕ್ಸ್ ಕೊಡಲೇಬೇಕು ಎಂದು ಸರ್ಕಾರಕ್ಕೆ ಹೇಳಿತು. ಆದೇಶ ಪಾಲನೆ ಆಗದೆ ನ್ಯಾಯಾಂಗ ನಿಂದನೆ ಅರ್ಜಿ ಬಂತು. 2023ರ ಆರಂಭದಲ್ಲಿ ಅದರ ವಿಚಾರಣೆ ನಡೆಸಿದ ಪೀಠ, ಸರ್ಕಾರ ನಾಚಿಕೆಯಿಂದ ತಲೆತಗ್ಗಿಸಬೇಕಾದ ಸ್ಥಿತಿ ಇದು ಎಂಬರ್ಥದಲ್ಲಿ ತರಾಟೆಗೆ ತೆಗೆದುಕೊಂಡಿತು. ಒಂದು ಮಗು ಯೂನಿಫಾರ್ಮ್ ಇಲ್ಲದೆ ಒಂದು ದಿನ ಬಂದರೆ ಗೇಟಿನಲ್ಲಿ ನಿಲ್ಲಿಸುವ ವ್ಯವಸ್ಥೆ, ತಾನು ಕೋರ್ಟ್ ಆದೇಶ ಇಟ್ಟುಕೊಂಡು ಮೂರು ವರ್ಷ ಯೂನಿಫಾರ್ಮ್ ಕೊಡದೆ ಕೂತಿತ್ತು!

ಆ ನಡುವಿನ 2022ನ್ನು ನೆನಪಿಸಿಕೊಳ್ಳಿ. ಆ ವರ್ಷ ಫೆಬ್ರವರಿ 5ರಂದು ಬಸವರಾಜ ಬೊಮ್ಮಾಯಿ ಸರ್ಕಾರ ಸಮವಸ್ತ್ರ ಕಡ್ಡಾಯದ ಆದೇಶ ಹೊರಡಿಸಿತು. ಅದೇ ವರ್ಷ ಜುಲೈಗೆ ಬಂದರೆ ಸರ್ಕಾರಿ ಶಾಲೆ ಮಕ್ಕಳ ಶೂ, ಸಾಕ್ಸ್‌ಗೆ ದುಡ್ಡಿಲ್ಲ. ಭಿಕ್ಷೆ ಎತ್ತಿಯಾದರೂ ಕೊಡಿಸ್ತೀವಿ ಅಂತ ಕಾಂಗ್ರೆಸ್‌ನವರು ಹೊರಟ ಮೇಲೆ 132 ಕೋಟಿ ರೂಪಾಯಿ ಮಂಜೂರಾಯಿತು. ತಲೆಯ ಮೇಲೇನಿದೆ ಅಂತ ನೋಡಿದ ಚುರುಕುತನ ಪಾದದಲ್ಲೇನಿಲ್ಲ ಅಂತ ನೋಡುವಾಗ ಇರಲಿಲ್ಲ.

ಹಿಜಾಬ್ ವಿಷಯ ಬಿಟ್ಟು ಕರ್ನಾಟಕದಲ್ಲಿ ಸಮವಸ್ತ್ರದ ಬಗ್ಗೆ ಬರೆಯಲು ಆಗುವುದಿಲ್ಲ. 2021ರ ಕೊನೆಯಲ್ಲಿ ಉಡುಪಿಯ ಸರ್ಕಾರಿ ಬಾಲಕಿಯರ ಪಿಯು ಕಾಲೇಜಿನಲ್ಲಿ ಶುರುವಾದದ್ದು ರಾಜ್ಯಕ್ಕೆಲ್ಲ ಹಬ್ಬಿತು. ಫೆಬ್ರವರಿ 10ರ ಹೈಕೋರ್ಟ್ ಮಧ್ಯಂತರ ಆದೇಶ, ಕಾಲೇಜು ಅಭಿವೃದ್ಧಿ ಸಮಿತಿ ಸಮವಸ್ತ್ರ ಗೊತ್ತು ಮಾಡಿದ ಸಂಸ್ಥೆಗಳಿಗೆ ಮಾತ್ರ ಅಂತ ಸ್ಪಷ್ಟವಾಗಿ ಹೇಳಿತ್ತು. ಆದರೆ ಅದು ಹೈಸ್ಕೂಲು ಗೇಟುಗಳಲ್ಲೂ ಜಾರಿಯಾಯಿತು, ಶಿಕ್ಷಕಿಯರ ಮೇಲೂ ಜಾರಿಯಾಯಿತು. ಕಟ್ಟುನಿಟ್ಟಿನ ಸ್ವಭಾವವೇ ಅದು, ಆದೇಶ ಬರೆದವನಿಗಿಂತ ಗೇಟಿನಲ್ಲಿ ನಿಂತವನು ಹೆಚ್ಚು ಉತ್ಸಾಹಿ. ಮಾರ್ಚ್ 15ರಂದು ಹೈಕೋರ್ಟ್ ಸರ್ಕಾರದ ಆದೇಶ ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ಹೇಮಂತ್ ಗುಪ್ತಾ ಅವರು ಹೈಕೋರ್ಟ್ ತೀರ್ಪು ಸರಿ ಅಂದರು. ಸುಧಾಂಶು ಧುಲಿಯಾ ಅವರು ಧರ್ಮಕ್ಕೆ ಅದು ಅತ್ಯಗತ್ಯವೋ ಅಲ್ಲವೋ ಅನ್ನುವ ಚರ್ಚೆಯನ್ನೇ ಪಕ್ಕಕ್ಕಿಟ್ಟು, ಬಟ್ಟೆಯ ಕಾರಣಕ್ಕೆ ಓದು ತಪ್ಪಿಸಿದರೆ ಒಂದು ಹೆಣ್ಣುಮಗುವಿನ ಬದುಕು ಹೇಗೆ ಹಸನಾಗುತ್ತದೆ ಅಂತ ಕೇಳಿದರು. ನನಗೆ ಈ ಪ್ರಶ್ನೆಯೇ ಸರಿಯಾದ ಪ್ರಶ್ನೆ ಅನ್ನಿಸುತ್ತದೆ. ಹಿಜಾಬ್ ಹೆಣ್ಣಿನ ಮೇಲೆ ಹೇರಿದ್ದು ಅಂತ ನಂಬುವವರಿಗೂ ಇದೇ ಪ್ರಶ್ನೆ. ಮನೆಯಲ್ಲಿ ಹೇರಿಕೆ ಇದ್ದರೆ ಅದರಿಂದ ಹೊರಬರುವ ದಾರಿ ಕ್ಲಾಸ್‌ರೂಮಿನ ಮೂಲಕ ಹೋಗುತ್ತದೆ, ನೀವು ಮುಚ್ಚಿದ್ದು ಅದೇ ಬಾಗಿಲನ್ನು.

"ಒಂದು ಧರ್ಮಕ್ಕೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ" ಅಂತ ಕೆಲವರು ಅಂತಾರೆ. ಸರಿ, 2025ರ ಏಪ್ರಿಲ್‌ಗೆ ಬನ್ನಿ. ಸಿಇಟಿ ಬರೆಯಲು ಹೋದ ಬೀದರ್‌ನ ವಿದ್ಯಾರ್ಥಿ ಜನಿವಾರ ತೆಗೆಯಲು ಒಪ್ಪಲಿಲ್ಲ, ಗಣಿತ ಪರೀಕ್ಷೆ ತಪ್ಪಿತು. ಜನಿವಾರ ತೆಗೆಸಿ ಅಂತ ನಾವು ಹೇಳಿಯೇ ಇಲ್ಲ ಅಂತ ಪರೀಕ್ಷಾ ಪ್ರಾಧಿಕಾರ ಹೇಳಿತು. ಮತ್ತೆ ಅದೇ ಗೇಟಿನ ಉತ್ಸಾಹ. ಎಲ್ಲ ಪಕ್ಷದವರೂ ಖಂಡಿಸಿದರು, ಸಿಬ್ಬಂದಿ ಮೇಲೆ ಕ್ರಮ ಆಯಿತು, ಮರುಪರೀಕ್ಷೆ ಅಥವಾ ಬೇರೆ ವಿಷಯಗಳ ಸರಾಸರಿ ಅಂಕ, ಎರಡರಲ್ಲಿ ಒಂದು ಆರಿಸಿಕೋ ಅಂತ ಆತನಿಗೆ ಸರ್ಕಾರ ಹೇಳಿತು. ಒಳ್ಳೆಯದೇ ಆಯಿತು, ಹಾಗೇ ಆಗಬೇಕು. ಆದರೆ 2022ರಲ್ಲಿ ಹಿಜಾಬ್ ಕಾರಣಕ್ಕೆ ಪರೀಕ್ಷೆ ತಪ್ಪಿಸಿಕೊಂಡ ಹುಡುಗಿಯರಿಗೆ ಮರುಪರೀಕ್ಷೆ ಇಲ್ಲ ಅಂತ ಅಂದಿನ ಶಿಕ್ಷಣ ಸಚಿವರು ಹೇಳಿದ್ದರು. ಆಗಿದ್ದದ್ದು ಬಿಜೆಪಿ ಸರ್ಕಾರ, ಜನಿವಾರದ ಹೊತ್ತಿಗೆ ಕಾಂಗ್ರೆಸ್ ಸರ್ಕಾರ, ಅದೂ ನಿಜ. ಒಬ್ಬರ ನೂಲಿಗೆ ಇಡೀ ರಾಜ್ಯ ಮರುಗಿದ ರೀತಿ ಇನ್ನೊಬ್ಬರ ಬಟ್ಟೆಗೆ ಮರುಗಲಿಲ್ಲ ಅನ್ನೋದೂ ನಿಜ.

ಎಲ್ಲರಿಗೂ ಬಿಟ್ಟರೆ ಶಾಲೆ ಮುಳುಗುತ್ತದೆ ಅನ್ನುವವರು ದಕ್ಷಿಣ ಆಫ್ರಿಕಾ ನೋಡಬಹುದು. ಡರ್ಬನ್‌ನ ಒಂದು ಹೈಸ್ಕೂಲಿನಲ್ಲಿ ತಮಿಳು ಮೂಲದ ಹಿಂದೂ ಹುಡುಗಿ ಮೂಗುತಿ ಹಾಕಿಕೊಂಡು ಬಂದಾಗ ಶಾಲೆ ಬೇಡ ಅಂತು. 2007ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಸಮವಸ್ತ್ರವನ್ನು ರದ್ದು ಮಾಡಲಿಲ್ಲ, ಆ ಹುಡುಗಿಗೆ ವಿನಾಯಿತಿ ಕೊಡಬೇಕಿತ್ತು ಅಂದಿತು. ಇವತ್ತು ವಿನಾಯಿತಿ ಮಸೀದಿಯವರಿಗೆ ಅಂತ ಸಿಟ್ಟಾಗುವವರ ಮಕ್ಕಳು ನಾಳೆ ಡಲ್ಲಾಸ್‌ನಲ್ಲೋ ಸಿಡ್ನಿಯಲ್ಲೋ ಕುಂಕುಮ ಇಟ್ಟುಕೊಂಡು ಶಾಲೆಗೆ ಹೋಗ್ತಾರೆ.

ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು. ವರ್ಕ್‌ಶಾಪ್‌ನಲ್ಲಿ ಶೂ ಇಲ್ಲದೆ, ತೋಳು ಬಿಗಿಯದೆ ಲೇತ್ ಹತ್ತಿರ ಬಿಡುತ್ತಿರಲಿಲ್ಲ, ಬಿಡಲೂಬಾರದು. ಸಡಿಲ ತೋಳು ತಿರುಗುವ ಚಕ್‌ಗೆ ಸಿಕ್ಕರೆ ಕೈ ಹೋಗುತ್ತದೆ. ಅಲ್ಲಿ ಕಟ್ಟುನಿಟ್ಟು ಹುಡುಗನ ಕೈ ಉಳಿಸಲಿಕ್ಕೆ. ಎಂಟನೇ ಕ್ಲಾಸಿನ ಸಮಾಜ ಪಾಠದಲ್ಲಿ ಹಳದಿ ಲಂಗ ಯಾವ ಯಂತ್ರಕ್ಕೆ ಸಿಕ್ಕಿಬೀಳುತ್ತದೆ? ಅದೇ ವರ್ಕ್‌ಶಾಪ್‌ನಲ್ಲಿ ಇನ್ನೊಂದು ಕಲಿಸಿದರು. ಡ್ರಾಯಿಂಗ್‌ನಲ್ಲಿ ಅಳತೆ ಬರೆದರೆ ಸಾಲದು, ಪಕ್ಕದಲ್ಲಿ ಟಾಲರೆನ್ಸ್ ಬರೆಯಬೇಕು, ಅಂದರೆ ಎಷ್ಟು ಹೆಚ್ಚುಕಮ್ಮಿ ಆದರೆ ನಡೆಯುತ್ತದೆ ಅಂತ. ಅದಿಲ್ಲದ ಡ್ರಾಯಿಂಗನ್ನು ಫೋರ್‌ಮನ್ ವಾಪಸ್ ಎಸೀತಿದ್ದ. ನಮ್ಮ ಶಾಲೆಗಳ ಸಮವಸ್ತ್ರ ನಿಯಮಗಳಲ್ಲಿ ಟಾಲರೆನ್ಸ್ ಕಾಲಂ ಖಾಲಿ ಇದೆ. ಹಾಗಾಗಿ ಅದನ್ನು ಪಿಟಿ ಮಾಸ್ತರ್ ಒಬ್ಬ, ವಾಚ್‌ಮನ್ ಒಬ್ಬ, ಹದಿಮೂರು ವರ್ಷದ ಕ್ಲಾಸ್ ಲೀಡರ್ ಒಬ್ಬ ತಮಗೆ ತೋಚಿದಂತೆ ತುಂಬುತ್ತಿದ್ದಾರೆ.

ತುಂಬುವುದು ಕಷ್ಟವೂ ಅಲ್ಲ. ನನಗೆ ಗೊತ್ತಿರುವ ಒಬ್ಬ ಹೆಡ್‌ಮಾಸ್ತರು, ಹತ್ತನೇ ತರಗತಿ ಮುಗಿಸಿ ಹೋಗುವ ಮಕ್ಕಳಿಂದ ಹಳೆಯ ಜೊತೆ ಕೇಳಿ ಪಡೆದು, ಒಗೆಸಿ, ಬೀರುವಿನಲ್ಲಿ ಇಡುತ್ತಾರೆ. ಅಂಗಿ ಇಲ್ಲದೆ ಬಂದವನನ್ನು ಮೊದಲು ಕ್ಲಾಸಿಗೆ ಕಳಿಸಿ, ಊಟದ ಬಿಡುವಿನಲ್ಲಿ ಕರೆದು ಕಾರಣ ಕೇಳುತ್ತಾರೆ. "ಕಾರಣ ಕೇಳಿದ್ರ ಅರ್ಧ ಮಂದಿ ಮನಿ ಕಥಿ ಗೊತ್ತಾಗತೈತ್ರಿ" ಅಂದರು. ಯಾರ ಮನೆಯವರು ಗುಳೆ ಹೋಗುವ ತಯಾರಿಯಲ್ಲಿದ್ದಾರೆ ಅನ್ನೋದು ಅವರಿಗೆ ಎಲ್ಲರಿಗಿಂತ ಮೊದಲು ತಿಳಿಯುವುದು ಅಂಗಿಯಿಂದಲೇ ಅಂತೆ.

ನಿಮ್ಮೂರಿನ ಶಾಲೆಯ ಎಸ್‌ಡಿಎಂಸಿ ಸಭೆಗೆ ಒಮ್ಮೆ ಹೋಗಿ. ಈ ವರ್ಷ ಬಟ್ಟೆ ಯಾವ ತಾರೀಕಿಗೆ ಬಂತು, ಎರಡನೇ ಜೊತೆ ಬಂತಾ, ಹೊಲಿಗೆ ಕೂಲಿ ಯಾರು ಕೊಟ್ಟರು, ಯೂನಿಫಾರ್ಮ್ ಇಲ್ಲದೆ ಬಂದವರನ್ನು ಏನು ಮಾಡ್ತೀರಿ ಅಂತ ಕೇಳಿ. ನಾಲ್ಕನೆಯ ಪ್ರಶ್ನೆಗೆ ಉತ್ತರ ಸಲೀಸಾಗಿ ಬಂದು, ಮೊದಲ ಮೂರಕ್ಕೆ ಯಾರ ಹತ್ತಿರವೂ ಕಾಗದ ಇಲ್ಲದಿದ್ದರೆ ಅದನ್ನು ಬರೆದುಕೊಂಡು ಬಿಇಒ ಆಫೀಸಿಗೆ ಕೊಡಿ. ಚಂದ್ರಬಂಡದ್ದು ನಾನು ಕೇಳ್ತೀನಿ, ಚೀಟಿ ಬರೆಯೋದು ನನಗೆ ಮೊದಲಿಂದ ಅಭ್ಯಾಸ ಇದೆ.