‘ಪೊಲೀಸ್ ಕಾರ್ಯಾಚರಣೆ’ಯ ಆಚೀಚೆ: ಗುಲಬರ್ಗಾ ಸೀಮೆಯ 1948

ಹೈದರಾಬಾದ್ ಸಂಸ್ಥಾನದ ವಿಲೀನವನ್ನು ಕುರಿತ ಬರವಣಿಗೆಗಳಲ್ಲಿ ‘ಪೊಲೀಸ್ ಕಾರ್ಯಾಚರಣೆ’ ಎಂಬ ಪದ ರೂಢಿಗೊಂಡಿದೆ. 1948ರ ಸೆಪ್ಟೆಂಬರ್ 13ರಂದು ಆರಂಭವಾಗಿ, 17ರಂದು ನಿಜಾಮನ ಕದನವಿರಾಮ ಘೋಷಣೆಯೊಂದಿಗೆ ಕೊನೆಗೊಂಡ ಐದು ದಿನಗಳ ಸೈನಿಕ ಕ್ರಮಕ್ಕೆ ಸಂದ ಹೆಸರಿದು. ಆದರೆ ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳನ್ನೊಳಗೊಂಡ ಅಂದಿನ ಗುಲಬರ್ಗಾ ಜಿಲ್ಲೆಯ ಪಾಲಿಗೆ ಸಂಘರ್ಷವು ಐದು ದಿನಗಳದ್ದೂ ಅಲ್ಲ, ಎರಡು ಸೇನೆಗಳದ್ದಷ್ಟೇ ಅಲ್ಲ. ಸೇನೆ ಬರುವ ಮೊದಲೂ ಬಂದ ಮೇಲೂ ನೆರೆಹೊರೆಯ ಸಮುದಾಯಗಳು ಎದುರುಬದುರಾದ ಕಥನ ಈ ಪದದೊಳಗೆ ಹಿಡಿಸುವುದಿಲ್ಲ.

ಈ ಸೀಮೆಯ ಭೂಗೋಳವನ್ನು ಮೊದಲು ಗಮನಿಸಬೇಕು. ಮುಂಬಯಿ–ಮದರಾಸು ರೈಲುಮಾರ್ಗ ಶಹಾಬಾದವನ್ನು ಹಾಯ್ದು ವಾಡಿಗೆ ಬರುತ್ತದೆ. ಅಲ್ಲಿಂದ ಕವಲೊಡೆದ ನಿಜಾಮ ರೈಲ್ವೆಯು 1874ರಿಂದ ಚಿತ್ತಾಪುರ, ಸೇಡಂಗಳ ಮೂಲಕ ಸಿಕಂದರಾಬಾದನ್ನು ತಲುಪುತ್ತಿತ್ತು. 1948ರ ಮೇ 22ರಂದು ಮುಂಬಯಿ ಮಾರ್ಗದ ಗಾಣಗಾಪುರ ನಿಲ್ದಾಣದಲ್ಲಿ ರಜಾಕಾರರು ರೈಲಿನ ಮೇಲೆ ನಡೆಸಿದ ದಾಳಿ ದೇಶದ ಸುದ್ದಿಯಾಯಿತು. ರೈಲು ಮುಟ್ಟದ ಚಿಂಚೋಳಿಯಂಥ ಪ್ರದೇಶದ ಸಂಕಟಗಳಿಗೆ ಅಂಥ ಸುದ್ದಿಭಾಗ್ಯ ಇರಲಿಲ್ಲವೆಂಬುದನ್ನು ಸಂಶೋಧಕರು ಮರೆಯಬಾರದು.

ಖಾಸಿಂ ರಜ್ವಿಯ ನಾಯಕತ್ವದ ರಜಾಕಾರರು ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯ ಸ್ವಯಂಸೇವಕ ಪಡೆ. ಅವರ ಲೂಟಿ, ಕೊಲೆಗಳಿಗೆ ಬೆದರಿ ಅನೇಕ ಕುಟುಂಬಗಳು ಗಡಿ ದಾಟಿದವು. ಗಡಿಯಾಚೆ ಮುಂಡರಗಿಯಂಥ ಶಿಬಿರಗಳಲ್ಲಿ ಯುವಕರು ಶಸ್ತ್ರ ಹಿಡಿದರು. ಇದನ್ನು ಬರಿಯ ಮತೀಯ ಕಾಳಗವೆಂದು ಕರೆಯುವುದು ಸರಿಯಲ್ಲ. ರಜಾಕಾರರನ್ನು ಟೀಕಿಸಿ 1948ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಸ್ವತಃ ಮುಸ್ಲಿಮರಾಗಿದ್ದರು.

ಸೆಪ್ಟೆಂಬರ್ 17ರ ನಂತರ ಹಿಂಸೆ ದಿಕ್ಕು ಬದಲಿಸಿತು. ರಜಾಕಾರರ ಹಾವಳಿಗೆ ಸೇಡು, ರಜಾಕಾರರೊಡನೆ ಸಂಬಂಧವೇ ಇರದ ಮುಸ್ಲಿಂ ಕುಟುಂಬಗಳ ಮೇಲೂ ತೀರಿತು. ಪಂಡಿತ ಸುಂದರಲಾಲ್ ಅವರ ನೇತೃತ್ವದಲ್ಲಿ ಕೇಂದ್ರ ಸರ್ಕಾರ ಕಳುಹಿಸಿದ ತಂಡವು 1948ರ ನವೆಂಬರ್–ಡಿಸೆಂಬರ್‌ನಲ್ಲಿ ಸಂಸ್ಥಾನವನ್ನು ಸುತ್ತಿ, ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜಿಸಿತು. ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲಬರ್ಗಾ, ಬೀದರ್ ಮತ್ತು ನಾಂದೇಡ. ಈ ನಾಲ್ಕರಲ್ಲೇ 18,000ಕ್ಕೆ ಕಡಿಮೆಯಿಲ್ಲದಷ್ಟು ಜನ. ಸರ್ಕಾರ ಈ ವರದಿಯನ್ನು ದಶಕಗಳ ಕಾಲ ಪ್ರಕಟಿಸಲಿಲ್ಲ. ರಜಾಕಾರರ ಕ್ರೌರ್ಯವನ್ನು ವಿವರವಾಗಿ ದಾಖಲಿಸುವ ವಿಮೋಚನಾ ಚರಿತ್ರೆಗಳು ಈ ಎರಡನೆಯ ಅಧ್ಯಾಯಕ್ಕೆ ಬಂದೊಡನೆ ಮಿತಭಾಷಿಗಳಾಗುವುದಕ್ಕೆ ವರದಿಯ ಅಲಭ್ಯತೆಯೊಂದೇ ಕಾರಣವೆನ್ನಲಾಗದು.

ಆ ವರದಿಯಲ್ಲೇ ಇನ್ನೊಂದು ಸಂಗತಿಯೂ ಇದೆ. ಒಂದೇ ವೃತ್ತಿಯವರಲ್ಲಿ ಪರಸ್ಪರ ಮಮತೆ ಹೆಚ್ಚಾಗಿತ್ತೆಂದು ತಂಡ ಗುರುತಿಸಿದೆ. ಕೆಲವೆಡೆ ಹಿಂದೂ ನೇಕಾರರು ಹಿಂದೂ ದಾಳಿಕೋರರನ್ನೇ ಎದುರಿಸಿ, ಪ್ರಾಣ ತೆತ್ತು, ಮುಸ್ಲಿಂ ನೇಕಾರರನ್ನು ಉಳಿಸಿಕೊಂಡಿದ್ದರು.